ಮನೆಯೇ ಮೊದಲ ಶಾರದಾಪೀಠ

ಶರನ್ನವರಾತ್ರಿಯ ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಮಣೆಯ ಮೇಲಿರಿಸಿ ಸರಸ್ವತಿಯನ್ನು ಆವಾಹಿಸುವುದು, ಶ್ರವಣ ನಕ್ಷತ್ರದಂದು ವಿಸರ್ಜಿಸುವುದು ಪರಂಪರಾಗತವಾದ ಆಚಾರ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಇದು ನಡೆದುಬಂದಿದೆ. ಆದರೆ ಪೂಜೆಗೊಂಡ ಪುಸ್ತಕವು ವಿಜಯದಶಮಿಯಂದು ಮಗುವಿನ ಕೈ ಸೇರುವುದೋ, ಮುಂದಿನ ನವರಾತ್ರಿಯವರೆಗೆ ಕಪಾಟನ್ನೇ ಸೇರುವುದೋ ಎಂಬುದು ವಿಚಾರಣೀಯ.

ಶ್ರೀಮದ್ಭಾಗವತದ ಸಪ್ತಮ ಸ್ಕಂಧದ ಪ್ರಹ್ಲಾದಚರಿತ್ರೆಯಲ್ಲಿ ಇದಕ್ಕೊಂದು ದಾರಿದೀಪವಿದೆ. ಹಿರಣ್ಯಕಶಿಪುವು ಮಗನನ್ನು ಶಂಡ ಮತ್ತು ಅಮರ್ಕರೆಂಬ ಗುರುಗಳಿಗೆ ಒಪ್ಪಿಸಿದನು. ಅವರು ದಂಡನೀತಿಯನ್ನು ಬೋಧಿಸಿದರು. ಬಾಲಕನ ಅಂತಃಕರಣದಲ್ಲಿ ನೆಲೆನಿಂತದ್ದು ಅದಲ್ಲ; ತಾಯಿ ಕಯಾಧುವು ನಾರದರ ಆಶ್ರಯದಲ್ಲಿದ್ದಾಗ ಗರ್ಭದಲ್ಲಿಯೇ ಕೇಳಿದ ಉಪದೇಶ. ಕಾಲಾಂತರದಲ್ಲಿ ತಾಯಿ ಅದನ್ನು ಮರೆತಳು, ಮಗ ಮರೆಯಲಿಲ್ಲ.

ಗರ್ಭಸ್ಥ ಶಿಶುವಿಗೆ ತತ್ತ್ವಾರ್ಥ ತಿಳಿಯುವುದೆಂದು ವಿಜ್ಞಾನ ಹೇಳುವುದಿಲ್ಲ. ಆದರೆ ನವಜಾತ ಶಿಶುವು ತಾಯಿಯ ಧ್ವನಿಯನ್ನು ಗುರುತಿಸಬಲ್ಲುದೆಂದು 1980ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಮಾತು ಮಗುವಿಗೆ ಸಹಜವಾಗಿ ಬರುತ್ತದೆ; ಓದು ಹಾಗಲ್ಲ. ಲಿಪಿ ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆದುದರಿಂದ, ಅಕ್ಷರಕ್ಕೆಂದೇ ಮೀಸಲಾದ ಸ್ಥಾನ ಮೆದುಳಿನಲ್ಲಿ ಹುಟ್ಟಿನಿಂದ ಇಲ್ಲ. ಕೇಳಿದ ನುಡಿಯನ್ನೂ ಕಂಡ ರೂಪವನ್ನೂ ಬೆಸೆದು ಮೆದುಳು ಆ ಹಾದಿಯನ್ನು ತಾನೇ ಕಟ್ಟಿಕೊಳ್ಳಬೇಕು. 3ರಿಂದ 5 ವರ್ಷದ 19 ಮಕ್ಕಳನ್ನು ಕುರಿತು 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ಮನೆಯಲ್ಲಿ ಹೆಚ್ಚು ಓದಿಸಿಕೊಂಡ ಮಕ್ಕಳು ಕಥೆ ಕೇಳುವಾಗ, ಅರ್ಥಗ್ರಹಣಕ್ಕೂ ಮನೋಚಿತ್ರಕ್ಕೂ ಸಂಬಂಧಿಸಿದ ಮೆದುಳಿನ ಭಾಗ ಹೆಚ್ಚು ಚುರುಕಾದುದು ಕಂಡುಬಂದಿತು.

ಕಿವಿಯಿಂದ ಬರುವ ಈ ಸಂಸ್ಕಾರ ಕನ್ನಡಕ್ಕೆ ಹೊಸದಲ್ಲ. ಕನ್ನಡ ನಾಡಿನ ಜನರು ವಿಶೇಷವಾಗಿ ಓದದೆಯೂ ಕಾವ್ಯದಲ್ಲಿ ನಿಪುಣರೆಂದು 9ನೆಯ ಶತಮಾನದ ಕವಿರಾಜಮಾರ್ಗ ಕೊಂಡಾಡಿದೆ. ಅದು ರಚಿತವಾದುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಠಾಣೆಯನ್ನೊಳಗೊಂಡ ಉತ್ತರ ಕೊಂಕಣವನ್ನು ಅಂದು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರೇ ಆಗಿದ್ದರೆಂಬುದಕ್ಕೆ ಕಾನ್ಹೇರಿ ಗುಹೆಗಳ ಶಾಸನಗಳು ಸಾಕ್ಷಿ.

ಇಂದು ಇದೇ ನೆಲದಲ್ಲಿ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ. ಅವೆರಡೂ ಬೇಕಾದವೇ. ಆದರೆ ಮನೆಯ ಕನ್ನಡವು ಉಣ್ಣು, ಮಲಗು ಎಂಬ ಅಪ್ಪಣೆಗಳಿಗಷ್ಟೇ ಸೀಮಿತವಾದರೆ, ಊರಿನಿಂದ ಬಂದ ಅಜ್ಜಿಯ ಕಥೆ ಮೊಮ್ಮಗುವಿನ ಪಾಲಿಗೆ ಪರಭಾಷೆಯಾಗುತ್ತದೆ. ಆ ನಷ್ಟವನ್ನು ಯಾವ ಟ್ಯೂಷನ್ ತರಗತಿಯೂ ತುಂಬಿಕೊಡಲಾರದು.

ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಬಳಲಿ ಬರುವ ಗೃಹಸ್ಥನಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ದೇವರ ದೀಪಕ್ಕೆ ಎಣ್ಣೆ ಎರೆಯುವಷ್ಟು ಹೊತ್ತು ದೊರೆಯುವ ಮನೆಯಲ್ಲಿ ಕಥೆಗೂ ಹತ್ತು ನಿಮಿಷ ದೊರೆತೀತು. ಮೊಬೈಲನ್ನು ದೂರವಿಟ್ಟು, ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಅಕ್ಷರದ ಮೇಲೆ ಬೆರಳಾಡಿಸುತ್ತ ಓದಬೇಕು. ಮುಂದೇನಾದೀತೆಂದು ಮಗುವನ್ನೇ ಕೇಳಬೇಕು. ಕನ್ನಡ ಲಿಪಿ ಬಾರದ ತಾಯ್ತಂದೆಯರು ಬಾಯಿಮಾತಿನಲ್ಲಿಯೇ ಕಥೆ ಹೇಳಲಿ; ಕಯಾಧುವಿನ ಮಗನಿಗೆ ದೊರೆತದ್ದೂ ಶ್ರವಣವೇ ಅಲ್ಲವೇ?

ಈ ವಿಜಯದಶಮಿಯಂದು ಪೂಜೆಯ ಮಣೆಯಿಂದ ಎತ್ತಿದ ಪುಸ್ತಕದ ಒಂದು ಪುಟವಾದರೂ ಪ್ರತಿ ಮನೆಯಲ್ಲಿಯೂ ಮಗುವಿನ ಕಿವಿಗೆ ಬೀಳಲಿ. ಅದೇ ನಿಜವಾದ ವಿದ್ಯಾರಂಭ. ಜಗನ್ಮಾತೆ ಶಾರದೆಯು ಸಕಲ ಗೃಹಗಳಲ್ಲಿಯೂ ವಾಗ್ರೂಪಿಣಿಯಾಗಿ ನೆಲೆಸಿ ಅನುಗ್ರಹಿಸಲಿ.