ನಮ್ಮ ಇಫ್ತಾರ್ ಯಾರಿಗೆ?

ವೃದ್ಧಾಪ್ಯದಿಂದಲೋ ವಾಸಿಯಾಗದ ಕಾಯಿಲೆಯಿಂದಲೋ ಉಪವಾಸ ಆಚರಿಸಲಾಗದವರು ಏನು ಮಾಡಬೇಕು? ತಪ್ಪಿದ ಒಂದೊಂದು ಉಪವಾಸಕ್ಕೂ ಒಬ್ಬ ಬಡವನಿಗೆ ಉಣಿಸಬೇಕು. ಅಲ್‌ಬಕರಃ ಅಧ್ಯಾಯದ 184ನೇ ಸೂಕ್ತ ಹೇಳುವ ಫಿದ್ಯಾ ಇದೇ. ಯೋಚಿಸಿರಿ, ಅಲ್ಲಾಹನು ಉಪವಾಸದ ಸ್ಥಾನದಲ್ಲಿಟ್ಟದ್ದು ಬಡವನ ಊಟವನ್ನು!

ಉಪವಾಸಿಗನಿಗೆ ಇಫ್ತಾರ್ ಮಾಡಿಸಿದವನಿಗೂ ಅಷ್ಟೇ ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತಿರ್ಮಿದಿಯ ಈ ಹದೀಸನ್ನು ನಾವೆಲ್ಲ ಬಲ್ಲೆವು. ಆದರೆ ನಮ್ಮ ಇಫ್ತಾರ್ ಕೂಟಗಳಿಗೆ ಬರುವವರಾರು? ನಿನ್ನೆ ನಮ್ಮನ್ನು ಕರೆದವರು, ನಾಳೆ ಕರೆಯುವವರು. ನೆಂಟರಿಷ್ಟರನ್ನು ಕರೆಯುವುದು ತಪ್ಪೇನಲ್ಲ, ಅದೂ ಪುಣ್ಯವೇ. ಅದ್ದಹ್ರ್ ಅಧ್ಯಾಯದ ಅತಿಥಿಗಳು ಮಾತ್ರ ಬೇರೆ: ಬಡವ, ಅನಾಥ, ಕೈದಿ. ತಿರುಗಿ ಕರೆಯಲಾರದವರು. ಅವರಿಗೆ ಉಣಿಸುವವರು ಕೃತಜ್ಞತೆಯನ್ನೂ ಬಯಸುವುದಿಲ್ಲ.

ಸಹ್ರಿಗೆ ಬರೀ ನೀರು ಕುಡಿದು ಉಪವಾಸವಿರುವ ವಿಧವೆ ನಿಮ್ಮ ಮೊಹಲ್ಲಾದಲ್ಲೂ ಇರಬಹುದು. ಆಕೆ ಬಾಯಿಬಿಟ್ಟು ಕೇಳಲಾರಳು. ಇಂದು ಮಗ್ರಿಬ್‌ಗೆ ಮುಂಚೆ ಮೊದಲ ತಟ್ಟೆ ಆ ಮನೆಗೆ ಹೋಗಲಿ.