ಚಿಲಕ ಯಾವ ಕಡೆಗಿದೆ?

ದೊಡ್ಡ ಆಫೀಸುಗಳಲ್ಲಿ ಪ್ರಿಂಟ್ ಒತ್ತಿದ ಕೂಡಲೇ ಹಾಳೆ ಹೊರಗೆ ಬರಲ್ಲ. ಕೊಟ್ಟ ಕೆಲಸ ಸರ್ವರಿನಲ್ಲಿ ಕಾಯ್ತಾ ಕೂತಿರುತ್ತೆ. ನೀವು ಎದ್ದು ಹೋಗಿ ಕೊರಳಲ್ಲಿರೋ ಕಾರ್ಡನ್ನು ಪ್ರಿಂಟರಿಗೆ ತೋರಿಸಿದ ಮೇಲೆ, ನಿಮ್ಮ ಹಾಳೆ ನಿಮ್ಮ ಕಣ್ಣೆದುರಿಗೇ ಬರುತ್ತೆ. ಯಾರದೋ ಸಂಬಳದ ಚೀಟಿ ಟ್ರೇನಲ್ಲಿ ಬಿದ್ದಿರೋದು ತಪ್ಪುತ್ತೆ, ಒತ್ತಿ ಮರೆತವರ ಕಾಗದವೂ ಉಳಿಯುತ್ತೆ. ಇದನ್ನು ಅಲ್ಲಿ ಯಾರೂ ಪ್ರಶ್ನೆ ಮಾಡಲ್ಲ. ಗೇಟಿಗೆ ಕಾರ್ಡು, ಲಿಫ್ಟಿಗೆ ಕಾರ್ಡು, ಊಟಕ್ಕೆ ಕಾರ್ಡು, ಅದರ ಜೊತೆ ಇದೊಂದು.

ಇದನ್ನೇ ಮನೆಗೆ ತಂದರೆ? ತಂದೆ ಮಕ್ಕಳು, ಅತ್ತೆ ಸೊಸೆ, ಅಕ್ಕಪಕ್ಕದವರು ಬಳಸೋ ಒಂದೇ ಒಂದು ಪ್ರಿಂಟರಿಗೆ ಕಾರ್ಡು ಕೇಳೋದು ಸರಿಯಾ? ಕೆಲಸ ತುಂಬಾ ಸುಲಭ. ಒಂದು ರಾಸ್ಪ್‌ಬೆರಿ ಪೈ, ಅದರಲ್ಲಿ ಕಪ್ಸ್ ಅನ್ನೋ ಮುದ್ರಣದ ತಂತ್ರಾಂಶ, ಇನ್ನೂರು ರೂಪಾಯಿ ಒಳಗೆ ಸಿಗೋ ಆರ್‌ಸಿ522 ಕಾರ್ಡ್ ರೀಡರ್. ಮನೆಯ ಒಬ್ಬೊಬ್ಬರಿಗೆ ಒಂದೊಂದು ಕ್ಯೂ ಮಾಡಿ, ಬಂದ ಕೆಲಸವನ್ನೆಲ್ಲ ತಡೆದಿಡು ಅಂತ ಕಪ್ಸ್‌ಗೆ ಹೇಳಬೇಕು. ಕಾರ್ಡು ತಾಗಿದರೆ ಆ ಕ್ಯೂನಲ್ಲಿ ಇರೋದನ್ನು ಬಿಡು ಅಂತ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮು. ಒಂದು ಭಾನುವಾರದ ಕೆಲಸ. ಕಷ್ಟ ಇರೋದು ತಂತಿಯಲ್ಲಲ್ಲ.

ನಾನು ಇದನ್ನು ಹಾಕಿದ್ದು ಮಾರಿಕುಪ್ಪಂನಲ್ಲಿ, ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಬರೋ ರೈಲಿಗೆ ಕೊನೆ ಸ್ಟೇಷನ್ನು ಅದು. ಬೆಳಗ್ಗೆ ಕತ್ತಲಿರುವಾಗಲೇ ಜನ ಬೆಂಗಳೂರಿನ ಕೆಲಸಕ್ಕೆ ರೈಲು ಹತ್ತಿ, ರಾತ್ರಿ ವಾಪಸ್ ಬರ್ತಾರೆ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರೋದರಿಂದ ಒಂದು ವೈಫೈ ನಾಲ್ಕು ಮನೆಗೆ ಸಿಗುತ್ತೆ, ಪ್ರಿಂಟರೂ ಹಾಗೇ. ಬೆಳಗ್ಗೆ ಓಡೋ ಹೊತ್ತಿಗೆ ಫೋನಿನಿಂದ ಪ್ರಿಂಟ್ ಒತ್ತಿ ಹೋಗ್ತಾರೆ, ರಾತ್ರಿ ಬಂದು ತಗೊಳ್ತಾರೆ. ಅಂದರೆ ಒಂದು ಹಗಲೆಲ್ಲಾ ಹಾಳೆ ಟ್ರೇನಲ್ಲಿ ಮಲಗಿರುತ್ತೆ. ಅದರಲ್ಲಿ ಏನೇನಿರುತ್ತೆ ಅಂದರೆ ಆಧಾರ್, ಹಾಲ್ ಟಿಕೆಟ್, ಪೆನ್ಷನ್ ಅರ್ಜಿ, ಸ್ಕ್ಯಾನಿಂಗ್ ರಿಪೋರ್ಟು, ಬ್ಯಾಂಕಿನ ಸ್ಟೇಟ್‌ಮೆಂಟು.

ಒಂದು ದಿನ ಅಲ್ಲಿ ಪಕ್ಕದ ಮನೆಯ ಒಬ್ಬ ಅಕ್ಕನ ಕಾಗದ ಇತ್ತು. ಗಂಡನಿಗೆ ಕಳಿಸಬೇಕು ಅಂತ ವಕೀಲರು ಬರೆದುಕೊಟ್ಟಿದ್ದ ನೋಟಿಸಿನ ಕರಡು. ಹಾಲ್ ಟಿಕೆಟ್ ತಗೊಳ್ಳೋಕೆ ಬಂದವರೊಬ್ಬರು ಅದನ್ನು ನೋಡಿದರು, ಸಂಜೆ ಹೊತ್ತಿಗೆ ವಿಷಯ ಆಕೆಯ ಅತ್ತೆಗೆ ಮುಟ್ಟಿತ್ತು. ಅದನ್ನು ಕಳಿಸಬೇಕೋ ಬೇಡವೋ ಅಂತ ಆಕೆ ಇನ್ನೂ ತೀರ್ಮಾನ ಮಾಡಿರಲಿಲ್ಲ. ಬರೆಸಿಟ್ಟುಕೊಂಡು ಒಂದು ವಾರ ಯೋಚನೆ ಮಾಡೋಣ ಅಂತಿದ್ದರು ಅಷ್ಟೇ. ಆ ರಾತ್ರಿ ರೈಲಿಳಿದು ಬರೋ ಹೊತ್ತಿಗೆ ತೀರ್ಮಾನ ಬೇರೆಯವರ ಬಾಯಲ್ಲಿ ಆಗಿಹೋಗಿತ್ತು. ಗುಟ್ಟು ಹೊರಬಿತ್ತು ಅನ್ನೋದಕ್ಕಿಂತ, ಯೋಚನೆ ಮಾಡೋ ಆ ಒಂದು ವಾರ ಕಳೆದುಹೋಯ್ತಲ್ಲ, ನಷ್ಟ ಅದು. ಕಾರ್ಡ್ ರೀಡರ್ ಹಾಕೋಣ ಅಣ್ಣಾ ಅಂತ ಹಟ ಹಿಡಿದವಳು ಚಿಕ್ಕಪ್ಪನ ಮಗಳು, ನನ್ನ ತಂಗಿ.

ಚಿಕ್ಕಮ್ಮನಿಗೆ ಇದು ಸರಿಬರಲಿಲ್ಲ. "ಮನೇಲಿ ಯಾರಪ್ಪಾ ಕಳ್ಳರು? ನಾನಾ, ನಿಮ್ಮ ಚಿಕ್ಕಪ್ಪನಾ?"

ಬೇರೆ ಊರಲ್ಲಾಗಿದ್ದರೆ ಈ ಮಾತಿಗೆ ನಕ್ಕು ಸುಮ್ಮನಾಗಬಹುದಿತ್ತು. ಕೆಜಿಎಫ್‌ನಲ್ಲಿ ಹಾಗಾಗಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂಡೆ ಒಡೆದವರನ್ನು, ಶಿಫ್ಟ್ ಮುಗಿಸಿ ಮೇಲೆ ಬಂದಾಗ ಮೈತಡವಿ ತಪಾಸಣೆ ಮಾಡಿ ಬಿಟ್ಟ ಊರು ಅದು. ಅಗೆದವನ ಮೇಲೇ ಅನುಮಾನ. 1930ರಲ್ಲಿ, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಅಂತ ಹೊಸ ನಿಯಮ ಬಂದಾಗ ಗಣಿ ಕೆಲಸಗಾರರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಬೆರಳಿಗೆ ಮಸಿ ಹಚ್ಚಿದರೆ ಏನು ಸವೆಯುತ್ತೆ ಅಂತ ಈಗಿನವರು ಕೇಳಬಹುದು. ಈಗ ರೇಷನ್ ಅಂಗಡಿಯಲ್ಲೂ ಬೆರಳು ಒತ್ತುತ್ತೀವಿ, ಯಾರೂ ಮುಷ್ಕರ ಮಾಡಲ್ಲ. ಆದರೆ ಆವಾಗ ಬೆರಳಚ್ಚು ಅಂದರೆ ಪೊಲೀಸ್ ಠಾಣೆಯ ವ್ಯವಹಾರ. ನಿನ್ನನ್ನು ಮೊದಲೇ ಅಪರಾಧಿಗಳ ಸಾಲಿಗೆ ಸೇರಿಸ್ತೀನಿ, ಆಮೇಲೆ ಕೂಲಿ ಕೊಡ್ತೀನಿ ಅನ್ನೋದು ಅವರಿಗೆ ಅರ್ಥವಾಗಿತ್ತು. ಚಿಕ್ಕಮ್ಮನ ಪ್ರಶ್ನೆ ಆ ಸಿಟ್ಟಿನ ಮೊಮ್ಮಗಳು ಅಂತ ನನಗನ್ನಿಸುತ್ತೆ.

ನಮ್ಮ ಕಂಪ್ಯೂಟರ್ ಲೋಕದಲ್ಲೂ ಇಂಥ ಸಿಟ್ಟಿನವರಿದ್ದರು. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲಿ ಕಂಪ್ಯೂಟರುಗಳಿಗೆ ಪಾಸ್‌ವರ್ಡ್ ಬಂದಾಗ ರಿಚರ್ಡ್ ಸ್ಟಾಲ್ಮನ್ ಅದನ್ನು ಬಿಡಿಸಿ ಓದಿ, "ನಿಮ್ಮ ಪಾಸ್‌ವರ್ಡ್ ಇದು, ಇದರ ಬದಲು ಖಾಲಿ ಇಟ್ಟುಬಿಡಿ" ಅನ್ನೋ ಅರ್ಥದಲ್ಲಿ ಜನರಿಗೆ ಸಂದೇಶ ಕಳಿಸಿದರು. ಎಷ್ಟೋ ಜನ ಖಾಲಿ ಇಟ್ಟರು ಕೂಡ. ಅವರ ವಾದ, ಪಾಸ್‌ವರ್ಡ್ ಅನ್ನೋದು ಬಳಸೋರನ್ನು ಕಾಯೋದಕ್ಕಲ್ಲ, ಆಡಳಿತದವರ ಕೈಗೆ ಹಿಡಿತ ಕೊಡೋದಕ್ಕೆ ಅಂತ. ಮುಂದೆ ಎಂಐಟಿಯದೇ ಒಂದು ಪ್ರಯೋಗಾಲಯದಲ್ಲಿ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರಿನ ಸೋರ್ಸ್ ಕೋಡ್ ಕೊಡಲಿಲ್ಲ ಅಂತ ಸಿಟ್ಟಾಗಿದ್ದೇ ಸ್ವತಂತ್ರ ತಂತ್ರಾಂಶ ಚಳವಳಿಗೆ ಒಂದು ಕಾರಣವಾಯ್ತು. ಪ್ರಿಂಟರಿಗೂ ನೀತಿಪ್ರಶ್ನೆಗೂ ಹಳೇ ನಂಟು, ಅಷ್ಟು ಹೇಳೋಕೆ ಈ ಕಥೆ.

ಆದರೆ ನಾನು ಸ್ಟಾಲ್ಮನ್ ಪಕ್ಷ ಪೂರ್ತಿ ಸೇರಲಾರೆ. ಆ ಪ್ರಯೋಗಾಲಯದಲ್ಲಿ ಯಾರ ಅತ್ತೆಯೂ ಇರಲಿಲ್ಲ. ಎಲ್ಲರದೂ ತೆರೆದಿರಲಿ ಅನ್ನೋದು, ಬಯಲಾದರೂ ಏನೂ ಕಳೆದುಕೊಳ್ಳದವರು ಹೇಳಬಹುದಾದ ಮಾತು.

ಚಿಕ್ಕಪ್ಪ ಮಾತ್ರ ಬೇರೆ ದಾರಿ ಹಿಡಿದರು. ಅವರು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಅಲ್ಲೇ ಇದ್ದವರು. ಕಾರ್ಡ್ ರೀಡರಿನ ಜೊತೆ ಒಂದು ಬಿಳಿ ಕಾರ್ಡು, ಕೀ ಗೊಂಚಲಿಗೆ ಹಾಕೋ ಒಂದು ನೀಲಿ ಪ್ಲಾಸ್ಟಿಕ್ಕಿನ ಚೂರು ಬರುತ್ತೆ. ಅದನ್ನು ಕೈಯಲ್ಲಿ ಹಿಡಿದು "ಬಿಲ್ಲೆ" ಅಂದರು. ಇಳಿಯೋಕೆ ಮುಂಚೆ ಬಿಲ್ಲೆ ತಗೊಳ್ಳೋದು, ಮೇಲೆ ಬಂದ ಮೇಲೆ ವಾಪಸ್ ಕೊಡೋದು. ಶಿಫ್ಟ್ ಮುಗಿದರೂ ಒಂದು ಬಿಲ್ಲೆ ಬಂದಿಲ್ಲ ಅಂದರೆ ಒಬ್ಬ ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ. ಬಂಡೆ ಸಿಡಿಯೋ ಗಣಿಯಲ್ಲಿ ಆ ಲೆಕ್ಕ ಜೀವದ ಲೆಕ್ಕ. "ತಪಾಸಣೆ ಅವರಿಗೋಸ್ಕರ, ಬಿಲ್ಲೆ ನಮಗೋಸ್ಕರ" ಅಂದರು ಚಿಕ್ಕಪ್ಪ. ಎರಡೂ ಒಂದೇ ಗೇಟಿನಲ್ಲಿ, ಒಂದೇ ಸಾಲಿನಲ್ಲಿ ನಿಂತು ಮಾಡೋ ಕೆಲಸಗಳೇ.

ಈ ವ್ಯತ್ಯಾಸವನ್ನು ನಾನು ಚಿಲಕದ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದೀನಿ. ಬಚ್ಚಲು ಮನೆಗೆ ಚಿಲಕ ಇದೆ, "ಮನೇಲಿ ಯಾರು ಕಳ್ಳರು" ಅಂತ ಯಾರೂ ಕೇಳಲ್ಲ. ಯಾಕೆಂದರೆ ಅದು ಒಳಗಡೆಯಿಂದ ಹಾಕೋ ಚಿಲಕ. ಒಳಗಿರೋರು ಹಾಕಿ ಒಳಗಿರೋರೇ ತೆಗೀತಾರೆ. ಅದೇ ಚಿಲಕವನ್ನು ಬಾಗಿಲಿನ ಹೊರಗಡೆಗೆ ಬಡಿದರೆ ಬಚ್ಚಲು ಹೋಗಿ ಲಾಕಪ್ಪಾಗುತ್ತೆ. ಬಾಗಿಲು ಅದೇ, ಚಿಲಕವೂ ಅದೇ.

ಚಿಲಕ ಗಟ್ಟಿಯಾಗಿರಬೇಕು ಅಂತಲೂ ಇಲ್ಲ. ನಮ್ಮ ರೀಡರು ನೋಡೋದು ಕಾರ್ಡಿನ ನಂಬರನ್ನು ಮಾತ್ರ. ಅದನ್ನು ನಕಲು ಮಾಡೋಕೆ ಬುದ್ಧಿವಂತ ಹುಡುಗನಿಗೆ ಅರ್ಧ ಗಂಟೆ ಸಾಕು. ಮೈಫೇರ್ ಕ್ಲಾಸಿಕ್ ಅನ್ನೋ ಈ ಜಾತಿ ಕಾರ್ಡಿನ ಗೂಢಲಿಪಿ 2008ರಲ್ಲೇ ಒಡೆದುಹೋಗಿದೆ. ಆಫೀಸಾಗಿದ್ದರೆ ಇದು ದೊಡ್ಡ ದೋಷ. ಮನೆಯಲ್ಲಿ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬಚ್ಚಲ ಚಿಲಕವೂ ಒಂದು ಒದೆಗೆ ಕಿತ್ತುಬರುತ್ತೆ, ಆದರೆ ಯಾರೂ ಒದೆಯಲ್ಲ.

ಹಾಗಾದರೆ ಬೇಕಾದವರು ಮಾತ್ರ ಹಾಕ್ಕೊಳ್ಳಲಿ, ಎಲ್ಲರಿಗೂ ಯಾಕೆ ಕಡ್ಡಾಯ? ಚಿಕ್ಕಮ್ಮನ ಎರಡನೇ ಪ್ರಶ್ನೆ ಇದು, ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಇದಕ್ಕೆ ಉತ್ತರ ಕೊಟ್ಟವಳು ತಂಗಿ. ಬೇಕಾದವರು ಮಾತ್ರ ತಡೆದಿಟ್ಟರೆ, ತಡೆದಿಟ್ಟಿದ್ದೇ ಸುದ್ದಿಯಾಗುತ್ತೆ. "ಆ ಹುಡುಗಿ ಏನೋ ಪ್ರಿಂಟ್ ತೆಗೆದಳು, ಬೀಗ ಹಾಕಿದ್ದಳು" ಅಂತ. ಎಲ್ಲರೂ ಪೋಸ್ಟ್ ಕಾರ್ಡಿನಲ್ಲೇ ಬರೆಯೋ ಊರಲ್ಲಿ ಒಬ್ಬಳು ಇನ್‌ಲ್ಯಾಂಡ್ ಲೆಟರ್ ಅಂಟಿಸಿ ಕಳಿಸಿದರೆ ಪೋಸ್ಟ್‌ಮನ್ನೂ ಒಂದು ಸಲ ಬೆಳಕಿಗೆ ಹಿಡಿದು ನೋಡ್ತಾನೆ. ಎಲ್ಲರ ಹಾಲಿನ ಲೆಕ್ಕವೂ, ಹಾಲ್ ಟಿಕೆಟ್ಟೂ ಕಾರ್ಡಿಗಾಗಿ ಕಾದರೆ ಆ ಅಕ್ಕನ ನೋಟಿಸಿಗೆ ಅದರ ಮಧ್ಯೆ ಜಾಗ ಸಿಗುತ್ತೆ. ಮುಚ್ಚಿಡೋಕೆ ಏನೂ ಇಲ್ಲದವರು, ಇರೋರಿಗೋಸ್ಕರ ಎರಡು ಹೆಜ್ಜೆ ನಡೆದು ಕಾರ್ಡು ತೋರಿಸೋದು ಅಷ್ಟೇನೂ ದೊಡ್ಡ ತೆರಿಗೆ ಅಲ್ಲ. ಚಿಕ್ಕಮ್ಮ ಕಾರ್ಡನ್ನು ಈಗ ರೀಡರಿನ ಪಕ್ಕದ ಮೊಳೆಗೇ ನೇತು ಹಾಕಿದಾರೆ. ಅದು ಅವರ ಹಕ್ಕು.

ನಮ್ಮಲ್ಲಿ ಇದಕ್ಕೆ ಸರಿಯಾದ ಪದವೂ ಇಲ್ಲ. ಗುಟ್ಟು ಅಂದರೆ ಕೆಟ್ಟ ವಾಸನೆ ಹೊಡೆಯುತ್ತೆ. ಖಾಸಗಿತನ ಅಂದರೆ ಕೋರ್ಟಿನ ಮಾತು. ಅದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಹೇಳಿದರು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಮುಂದೆ ಹಿಡಿಯೋಕೆ. ಅತ್ತೆಯ ಮುಂದೆ, ಟ್ರೇಯ ಮುಂದೆ ಅದನ್ನು ಹಿಡಿಯೋದು ಹೇಗೆ? ಸರ್ಕಾರಕ್ಕೂ ಸ್ಪಷ್ಟವಿಲ್ಲ ಬಿಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಂಡಕಂಡವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಳ್ಳಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ತಪ್ಪು ಅರ್ಥ ಬರಬಹುದು ಅಂತ ಎರಡೇ ದಿನದಲ್ಲಿ ಅದನ್ನು ವಾಪಸ್ ತಗೊಂಡರು. ನಮ್ಮ ಮನೆಯಲ್ಲಿ ಹತ್ತಿರ ಬರೋ ಪದ ಮರ್ಯಾದೆ. ಬಾಗಿಲು ತಟ್ಟಿ ಒಳಗೆ ಬರೋದು ಅನುಮಾನ ಅಲ್ಲ, ಮರ್ಯಾದೆ.

ಇಲ್ಲಿಗೆ ಮುಗಿಯಿತಾ ಅಂದರೆ ಇಲ್ಲ. ಇನ್ನೊಂದು ಬಾಗಿಲಿದೆ, ಅದು ನನ್ನ ಕಡೆಗೆ ತೆರೆಯುತ್ತೆ. ಕಾರ್ಡು ಇದ್ದರೆ ಟ್ರೇ ಮುಂದೆ ಹಾದುಹೋಗೋರು ನೋಡಲಾರರು, ನಿಜ. ಆದರೆ ತಡೆದಿಟ್ಟ ಫೈಲು ಎಲ್ಲಿರುತ್ತೆ? ನಾನು ಪಾಸ್‌ವರ್ಡ್ ಇಟ್ಟಿರೋ ಪುಟ್ಟ ಕಂಪ್ಯೂಟರಿನಲ್ಲಿ. ಸುಮ್ಮನೆ ಬಿಟ್ಟರೆ ಕಪ್ಸ್ ಮುದ್ರಿಸಿದ ಫೈಲನ್ನೂ ಒಂದು ದಿನ ಇಟ್ಟುಕೊಳ್ಳುತ್ತೆ, ಫೈಲಿನ ಹೆಸರನ್ನು ಅದಕ್ಕಿಂತ ಹೆಚ್ಚು ದಿನ ನೆನಪಿಡುತ್ತೆ. "ನೋಟಿಸ್ ಕರಡು 2" ಅನ್ನೋ ಹೆಸರೇ ಸಾಕಲ್ಲ. ಮೊದಲು ಯಾರು ಏನು ತೆಗೆದರು ಅನ್ನೋದು ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಕಾರ್ಡು ಬಂದ ಮೇಲೆ ಹೆಸರು, ಗಂಟೆ, ನಿಮಿಷ ಸಮೇತ ದಾಖಲೆ. ಬೀದಿಯವರ ಕಣ್ಣಿಂದ ಬಿಡಿಸಿ, ಬೆಂಗಳೂರಲ್ಲಿ ಕೂತಿರೋ ಅಣ್ಣನ ಕಣ್ಣಿಗೆ ಒಪ್ಪಿಸಿದ ಹಾಗೆ.

ಅದಕ್ಕೆ ಫೈಲು ಉಳಿಸೋದನ್ನು, ಹೆಸರು ಉಳಿಸೋದನ್ನು ಎರಡನ್ನೂ ನಿಲ್ಲಿಸಿದೆ. ತಡೆದಿಟ್ಟ ಕೆಲಸಗಳು ಇರೋದು ಮೆಮೊರಿಯಲ್ಲಿ ಮಾತ್ರ, ಕರೆಂಟ್ ಹೋದರೆ ಅಳಿಸಿಹೋಗುತ್ತೆ. ಮಾರಿಕುಪ್ಪಂನ ಕರೆಂಟ್ ಗೊತ್ತಿರೋರಿಗೆ ಇದೆಷ್ಟು ಭದ್ರ ವ್ಯವಸ್ಥೆ ಅಂತ ಗೊತ್ತಾಗುತ್ತೆ. ಚಿಕ್ಕಪ್ಪ ಟೋನರ್ ಖರ್ಚಿನ ಲೆಕ್ಕ ಕೇಳಿದರು, ನ್ಯಾಯವಾದದ್ದೇ. ಯಾವ ಮನೆಯಿಂದ ತಿಂಗಳಿಗೆ ಎಷ್ಟು ಹಾಳೆ ಅನ್ನೋ ಸಂಖ್ಯೆ ಮಾತ್ರ ಸಿಗುತ್ತೆ, ಹೆಸರಿಲ್ಲ, ವಿಷಯ ಇಲ್ಲ. ಎಲ್ಲರ ಕೆಲಸವನ್ನೂ ಬಿಡಿಸೋ ಒಂದು ಮಾಸ್ಟರ್ ಕಾರ್ಡು ಕೊಡು, ಯಾರಾದರೂ ಕಾರ್ಡು ಕಳಕೊಂಡರೆ ಬೇಕಾಗುತ್ತೆ ಅಂದರು. ಅದನ್ನು ಮಾಡಿಕೊಡಲಿಲ್ಲ. ಕಾರ್ಡು ಕಳೆದರೆ ಕೆಲಸ ಅಳಿಸಿ, ಹೊಸ ಕಾರ್ಡು ಹಾಕಿಕೊಂಡು ಇನ್ನೊಂದು ಸಲ ಒತ್ತಲಿ. ಮೂವತ್ತು ಸೆಕೆಂಡಿನ ಕೆಲಸ.

"ಮಾಸ್ಟರ್ ಕಾರ್ಡು ಇಲ್ಲ ಅಂತ ಅಪ್ಪನಿಗೆ ಹೇಳ್ತೀಯಲ್ಲಣ್ಣಾ, ನೀನೇ ಮಾಸ್ಟರ್ ಕಾರ್ಡಲ್ವಾ?" ಅಂದಳು ತಂಗಿ. ನಿಜ. ದಾಖಲೆ ನಿಲ್ಲಿಸಿದ ಕೈ ಮತ್ತೆ ಶುರು ಮಾಡಲೂಬಹುದು, ಯಾರಿಗೂ ತಿಳಿಯಲ್ಲ. ನನ್ನ ಒಳ್ಳೇತನದ ಮೇಲೆ ನಾಲ್ಕು ಮನೆಯವರು ನಂಬಿಕೆ ಇಡಬೇಕು ಅನ್ನೋದಾದರೆ, ಒಳಗಡೆ ಚಿಲಕ ಅಂತ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತೆ. ಇದಕ್ಕೆ ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ, ಅರ್ಧ ಇದೆ. ಆ ಕಂಪ್ಯೂಟರಿಗೆ ಯಾರೇ ಲಾಗಿನ್ ಆದರೂ, ಕಾರ್ಡಿಗೆ ಕಾಯದೆ, ಪ್ರಿಂಟರಿನಿಂದ ಒಂದು ಹಾಳೆ ಟ್ರೇಗೆ ಬರುತ್ತೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಅಂತ ದೊಡ್ಡ ಅಕ್ಷರದಲ್ಲಿ. ಆ ಮನೆಯಲ್ಲಿ ಬೀಗವಿಲ್ಲದೆ ಬರೋ ಹಾಳೆ ಅದೊಂದೇ. ಅದನ್ನೂ ನಿಲ್ಲಿಸೋದು ನನಗೆ ಗೊತ್ತು ಅಂತ ತಂಗಿಗೂ ಗೊತ್ತು. ಹಾಗಾಗಿ ಆ ಭಾಗದ ಪ್ರೋಗ್ರಾಮನ್ನು ಓದೋದು ಹೇಗೆ ಅಂತ ಶನಿವಾರ ರಾತ್ರಿಗಳಲ್ಲಿ ಕಲೀತಾ ಇದಾಳೆ. ಕಳೆದ ತಿಂಗಳು ಅಂಥ ಹಾಳೆ ಎರಡು ಬಂದವು, ಎರಡರಲ್ಲೂ ನನ್ನದೇ ಹೆಸರು. ಹೊಸ ಟೋನರ್ ಹಾಕಿದಾಗ ಒಂದು, ಅಪ್‌ಡೇಟ್ ಮಾಡಿದಾಗ ಒಂದು. ಎರಡನೆಯದಕ್ಕೆ ಚಿಕ್ಕಮ್ಮ ಫೋನ್ ಮಾಡಿ, "ರಾತ್ರಿ ಹನ್ನೊಂದೂವರೆಗೆ ನಿನಗೇನಪ್ಪಾ ಕೆಲಸ ಇಲ್ಲಿ?" ಅಂತ ಕೇಳಿದರು. ಏನು ಕೆಲಸ ಅಂತ ಹೇಳಿದೆ.