ಬಾಗಿಲ ಹೊರಗಿನ ಬೆಂಚು

ನಮ್ಮವನೊಬ್ಬ ಕುರ್ಚಿ ಹತ್ತಿದರೆ ಅಧಿಕಾರ ನಮ್ಮದಾಯಿತೆ? ಪ್ರತಿ ಚುನಾವಣೆಯಲ್ಲೂ ನಮ್ಮ ಕೇರಿಗಳಲ್ಲಿ ಏಳುವ ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ರೋಮಿನ ದುಡಿಯುವ ಜನ ಇದರ ಜೊತೆ ಐನೂರು ವರ್ಷ ಗುದ್ದಾಡಿದರು. ನಾವು ಕಾಲೇಜಿನಲ್ಲಿ ಓದಿದ ರೋಮಿನಲ್ಲಿ ಸೀಸರ್ ಇದ್ದ, ಅವನ ಸೈನ್ಯ ಇತ್ತು, ಕ್ಲಿಯೋಪಾತ್ರ ಇದ್ದಳು. ಸಾಲಕ್ಕೆ ಸಿಕ್ಕಿ ಸರಪಳಿ ಹಾಕಿಸಿಕೊಂಡವನು ಮಾತ್ರ ಇರಲಿಲ್ಲ. ಅವನಿಂದಲೇ ಶುರು ಮಾಡೋಣ.

ಕ್ರಿ.ಪೂ. 509ರಲ್ಲಿ ರಾಜನನ್ನು ಓಡಿಸಿ ಗಣರಾಜ್ಯ ಮಾಡಿಕೊಂಡೆವು ಅಂತ ರೋಮನ್ನರು ಹೇಳಿಕೊಳ್ಳುತ್ತಿದ್ದರು. ರಾಜ ಹೋದ, ಅವನ ಅಧಿಕಾರ ಪ್ಯಾಟ್ರಿಷಿಯನ್ ಎಂಬ ಕೆಲವೇ ಮನೆತನಗಳ ಪಾಲಾಯಿತು. ಆಡಳಿತ ಅವರದು, ಪೂಜೆ ಅವರದು, ಕಾನೂನು ಅವರ ಬಾಯಲ್ಲಿ. ಮಿಕ್ಕವರೆಲ್ಲ ಪ್ಲೆಬಿಯನ್ನರು. ಲಿವಿ ಎಂಬ ಇತಿಹಾಸಕಾರ 495ರಲ್ಲಿ ಸಂತೆಬಯಲಿಗೆ ಓಡಿಬಂದ ಒಬ್ಬ ಮುದುಕನನ್ನು ತೋರಿಸುತ್ತಾನೆ. (ಲಿವಿ ಬರೆದದ್ದು ಸುಮಾರು ಐನೂರು ವರ್ಷದ ಮೇಲೆ, ಆತನ ಒಲವೂ ದೊಡ್ಡವರ ಕಡೆಗೇ. ಆದರೂ ಈ ಮುದುಕನನ್ನು ಮುಚ್ಚಿಡೋಕೆ ಅವನ ಕೈಲಿ ಆಗಿಲ್ಲ.) ಎದೆಯ ಮೇಲೆ ಯುದ್ಧದ ಗಾಯ, ಬೆನ್ನ ಮೇಲೆ ಚಾಟಿಯ ಬಾಸುಂಡೆ. ರೋಮಿಗಾಗಿ ಹೊಡೆದಾಡಲು ಹೋದಾಗ ಶತ್ರುಗಳು ಅವನ ಬೆಳೆ ಹಾಳು ಮಾಡಿ, ಮನೆ ಸುಟ್ಟು, ದನ ಹೊಡೆದುಕೊಂಡು ಹೋದರು. ಮೇಲೆ ಕಂದಾಯ ಬಿತ್ತು. ಸಾಲ ಮಾಡಿದ. ಬಡ್ಡಿ ಬೆಳೆದು ಅಜ್ಜನ ಹೊಲ, ಅಪ್ಪನ ಹೊಲ ನುಂಗಿ, ಕೊನೆಗೆ ಅವನ ಮೈಯನ್ನೂ ಹಿಡಿಯಿತು. ಸಾಲಕ್ಕೆ ದೇಹ ಒತ್ತೆ ಇಡುವ ಈ ಪದ್ಧತಿಗೆ ಅಲ್ಲಿ ನೆಕ್ಸಮ್ ಅಂತ ಹೆಸರು. ನಾವಾದರೆ ಜೀತ ಅಂತೀವಿ.

ಮರುವರ್ಷ, 494ರಲ್ಲಿ, ಯುದ್ಧಕ್ಕೆ ಬಾ ಎಂದರೆ ಪ್ಲೆಬಿಯನ್ನರು ಊರನ್ನೇ ಬಿಟ್ಟು ನಡೆದುಬಿಟ್ಟರು. ಮೂರು ಮೈಲಿ ದೂರದ ಗುಡ್ಡದ ಮೇಲೆ ಹೋಗಿ ಕೂತರು. ಯಾರನ್ನೂ ಹೊಡೆಯಲಿಲ್ಲ, ಏನನ್ನೂ ಸುಡಲಿಲ್ಲ. ಅವರಿಗೊಬ್ಬ ನಾಯಕನೇ ಇರಲಿಲ್ಲ ಅಂತಾನೆ ಲಿವಿ. ನಾಯಕನಿಲ್ಲದೆ ಒಂದು ಜನ ಒಟ್ಟಿಗೆ ಎದ್ದು ಹೋದ ಈ ಸಂಗತಿಯೇ ನನಗೆ ರೋಮಿನ ಇತಿಹಾಸದ ಅತಿ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕೆಳಗೆ ಊರಿನಲ್ಲಿ ಉಳಿದ ದೊಡ್ಡವರಿಗೆ ಕೈಕಾಲು ನಡುಗಿತು.

ಸೆನೆಟ್ ರಾಜಿಗೆ ಯಾರನ್ನು ಕಳಿಸಿತು ಗೊತ್ತೆ? ಮೆನೇನಿಯಸ್ ಅಗ್ರಿಪ್ಪನನ್ನು. ಮೂಲದಲ್ಲಿ ಪ್ಲೆಬಿಯನ್ನರವನೇ ಆದ್ದರಿಂದ ಜನಕ್ಕೆ ಬೇಕಾದವನು. ಅವನು ಒಂದು ಕತೆ ಹೇಳಿದ. ಕೈ, ಬಾಯಿ, ಹಲ್ಲು ಎಲ್ಲ ಸೇರಿ ಹೊಟ್ಟೆಯ ಮೇಲೆ ಮುಷ್ಕರ ಹೂಡಿದವಂತೆ, ನಾವು ದುಡಿಯೋದು ಅದು ತಿನ್ನೋದು ಅಂತ. ಕೊನೆಗೆ ಎಲ್ಲವೂ ಸೊರಗಿದವಂತೆ. ಹೊಟ್ಟೆಯೂ ಎಲ್ಲರನ್ನು ಸಾಕುತ್ತದೆ, ಸೆನೆಟ್ ಅಂಥದ್ದು ಎಂದು ಸಾರಾಂಶ. ಒಂದೇ ದೇಹದ ಬಾಯಿ, ತೋಳು, ತೊಡೆ, ಪಾದಗಳಿಂದ ಜನರನ್ನು ಹುಟ್ಟಿಸಿದ ಕತೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಯಾರು ಹೊಟ್ಟೆ, ಯಾರು ಕೈ ಅಂತ ತೀರ್ಮಾನ ಮಾಡಿದವರು ಯಾರು ಎಂಬ ಪ್ರಶ್ನೆಗೆ ಅಗ್ರಿಪ್ಪನ ಕತೆಯಲ್ಲೂ ಜಾಗವಿಲ್ಲ. ಇನ್ನು ಆ ಒಂದೇ ದೇಹದ ಮಾತು: 450ರ ಸುಮಾರಿಗೆ ಬರೆದ ಹನ್ನೆರಡು ಹಲಗೆಗಳ ಶಾಸನದಲ್ಲಿ ಸಾಲಗಾರನನ್ನು 60 ದಿನ ಸರಪಳಿಯಲ್ಲಿ ಇಡಬಹುದು, ಸಾಲ ಕೊಟ್ಟವರು ಹಲವರಿದ್ದರೆ ಅವನನ್ನು ತುಂಡು ಮಾಡಿ ಹಂಚಿಕೊಳ್ಳಬಹುದು ಎಂದಿದೆ.

ಜನ ಬರೀ ಕತೆ ಕೇಳಿ ಇಳಿದು ಬರಲಿಲ್ಲ. ಟ್ರಿಬ್ಯೂನ್ ಎಂಬ ತಮ್ಮದೇ ಪ್ರತಿನಿಧಿಗಳನ್ನು ಪಡೆದು ಇಳಿದರು. ಟ್ರಿಬ್ಯೂನನಿಗೆ ಆಳುವ ಅಧಿಕಾರವಿಲ್ಲ, ಬೇಡ ಅನ್ನುವ ಅಧಿಕಾರ ಮಾತ್ರ. ಅವನ ಮೇಲೆ ಕೈ ಮಾಡಿದವನನ್ನು ಕೊಲ್ಲುತ್ತೇವೆ ಅಂತ ಜನ ಆಣೆ ಇಟ್ಟಿದ್ದರು. ಅಂದರೆ ಅವನು ಮುಟ್ಟಬಾರದವನು! ಈ ಮಾತಿಗೆ ನಮ್ಮೂರಲ್ಲಿ ಇರುವ ಅರ್ಥವೇ ಬೇರೆ. ಅಲ್ಲಿ ಜನ ತಮ್ಮವನ ಸುತ್ತ ತಾವೇ ಕಟ್ಟಿದ ಬೇಲಿ ಅದು. ರಾತ್ರಿ ಹಗಲು ಅವನ ಮನೆಯ ಬಾಗಿಲು ತೆರೆದಿರಬೇಕು. ಹೊಡೆಸಿಕೊಂಡವನು, ಓಡಿಬಂದವನು ಯಾವ ಹೊತ್ತಿಗಾದರೂ ಒಳಗೆ ಬರಬೇಕು. ಸೆನೆಟ್ ಒಳಗೆ ಮಾತ್ರ ಅವನಿಗೆ ಪ್ರವೇಶವಿರಲಿಲ್ಲ. ಬಾಗಿಲ ಎದುರು ಬೆಂಚು ಹಾಕಿಕೊಂಡು ಕೂತು, ಒಳಗಿನ ನಿರ್ಣಯಗಳನ್ನು ನೋಡಿ, ಒಪ್ಪದಿದ್ದರೆ ತಡೆಯುತ್ತಿದ್ದ ಎಂದು ವಲೇರಿಯಸ್ ಮ್ಯಾಕ್ಸಿಮಸ್ ಬರೆದಿದ್ದಾನೆ. ಹೊರಗೆ ಕೂರಿಸಿದ್ದು ಅವಮಾನವೇ ಸರಿ. ಆದರೆ ಹೊರಗೆ ಕೂತವನಿಗೆ ಬೀದಿ ಕಾಣುತ್ತಿತ್ತು, ಬೀದಿಗೆ ಅವನು ಕಾಣುತ್ತಿದ್ದ.

ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಎರಡು ವರ್ಗಗಳ ನಡುವೆ ಮದುವೆಯೇ ಕೂಡದು ಅಂತ ಹನ್ನೆರಡು ಹಲಗೆಗಳಲ್ಲಿ ಬರೆದಿದ್ದರು. ರಕ್ತ ಕೆಡುತ್ತದೆ ಅಂತ ಪ್ಯಾಟ್ರಿಷಿಯನ್ನರು ಬೊಬ್ಬೆ ಹೊಡೆದರೂ 445ರಲ್ಲಿ ಕನುಲಿಯಸ್ ಎಂಬ ಟ್ರಿಬ್ಯೂನ್ ಅದನ್ನು ಕಿತ್ತುಹಾಕಿಸಿದ. 367ರಲ್ಲಿ ಲಿಸಿನಿಯಸ್ ಸ್ಟೋಲೊ ಮತ್ತು ಸೆಕ್ಸ್ಟಿಯಸ್ ಸೇರಿ ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬ ಪ್ಲೆಬಿಯನ್ ಆಗಬಹುದೆಂಬ ಕಾನೂನು ತಂದರು. ಯಾರೂ 500 ಯೂಗೆರಕ್ಕಿಂತ, ಅಂದರೆ ಸುಮಾರು 300 ಎಕರೆಗಿಂತ, ಹೆಚ್ಚು ಭೂಮಿ ಇಟ್ಟುಕೊಳ್ಳಬಾರದೆಂಬ ಕಾನೂನೂ ಅವರದೇ. ಹತ್ತು ವರ್ಷಕ್ಕೆ ಆ ಕಾನೂನಿಗೆ ಸಿಕ್ಕಿಬಿದ್ದವನು ಯಾರು? ಸ್ಟೋಲೊ ಸಾಹೇಬನೇ! ಮಗನ ಹೆಸರು ಸೇರಿಸಿ 1000 ಯೂಗೆರ ಇಟ್ಟುಕೊಂಡಿದ್ದ. ದಂಡ ಬಿತ್ತು ಅಂತ ಲಿವಿ ಹೇಳುತ್ತಾನೆ.

ಒಳಗೆ ಹೋದವನಿಗೆ ಇನ್ನೂ ಒಂದು ಕೊಕ್ಕೆ ಕಾದಿತ್ತು. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ತೋರಿಸುತ್ತಾರೆ: ಕಾನ್ಸಲ್‌ಗೆ ದೈವದ ಒಪ್ಪಿಗೆ ಬೇಕಿತ್ತು, ದೈವದ ಬಾಯಿ ಪುರೋಹಿತರ ಕೈಲಿತ್ತು, ಹಾಗಾಗಿ ಪ್ಲೆಬಿಯನ್ನರಿಗೆ ಗಟ್ಟಿ ಕಾನ್ಸಲ್ ಸಿಗಲೇ ಇಲ್ಲ ಎಂದು. ಲಿವಿಯಲ್ಲೂ ಇದಕ್ಕೆ ಸಾಕ್ಷಿ ಇದೆ. 327ರಲ್ಲಿ ಮಾರ್ಕಸ್ ಕ್ಲಾಡಿಯಸ್ ಮಾರ್ಸೆಲ್ಲಸ್ ಎಂಬ ಪ್ಲೆಬಿಯನ್ನನನ್ನು ತಾತ್ಕಾಲಿಕ ಸರ್ವಾಧಿಕಾರಿಯಾಗಿ ನೇಮಿಸಿದಾಗ ಶಕುನ ನೋಡುವವರು ನೇಮಕದಲ್ಲಿ ದೋಷವಿದೆ ಎಂದು ತಳ್ಳಿಹಾಕಿದರು. ದೂರದ ಪಾಳೆಯದಲ್ಲಿ, ರಾತ್ರಿ ಮೌನದಲ್ಲಿ ನಡೆದದ್ದರ ದೋಷ ರೋಮಿನಲ್ಲಿ ಕೂತವರಿಗೆ ಹೇಗಪ್ಪಾ ಕಂಡಿತು ಅಂತ ಟ್ರಿಬ್ಯೂನರು ಕೇಳಿದರು. ಅವನು ಪ್ಲೆಬಿಯನ್ ಆಗಿದ್ದೇ ದೋಷ ಅಂತ ತಾವೇ ಉತ್ತರವನ್ನೂ ಹೇಳಿದರು.

ಕ್ರಮೇಣ ಉಳ್ಳ ಪ್ಲೆಬಿಯನ್ನರೂ ಪ್ಯಾಟ್ರಿಷಿಯನ್ನರೂ ಬೆರೆತು ಹೊಸದೊಂದು ಯಜಮಾನ ವರ್ಗವಾಯಿತು. ಬೆಂಚು ಒಳಗೆ ಹೋಯಿತು. ಟ್ರಿಬ್ಯೂನರು ಸೆನೆಟಿನಲ್ಲೇ ಕೂರತೊಡಗಿದರು. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಅದೇ 500 ಯೂಗೆರ ಮಿತಿಯನ್ನು ಜಾರಿಗೆ ತಂದು ಮಿಕ್ಕ ಭೂಮಿಯನ್ನು ಇಲ್ಲದವರಿಗೆ ಹಂಚಲು ಹೊರಟ. ತಡೆದವನು ಪ್ಯಾಟ್ರಿಷಿಯನ್ ಅಲ್ಲ, ಅವನ ಜೊತೆಯ ಟ್ರಿಬ್ಯೂನ್ ಅಕ್ಟೇವಿಯಸ್. ಬಡವರಿಗಾಗಿ ಹುಟ್ಟಿದ 'ಬೇಡ' ಬಡವರ ಮೇಲೆಯೇ ಬಿತ್ತು. ಜನರಿಗೆ ಕೇಡು ಮಾಡುವವನು ಟ್ರಿಬ್ಯೂನನೇ ಅಲ್ಲ ಎಂದು ಗ್ರಾಕಸ್ ಜನಸಭೆಯಲ್ಲಿ ಓಟು ಹಾಕಿಸಿ ಅವನನ್ನು ಇಳಿಸಿದ. ಇದು ಸಂವಿಧಾನ ಭಂಗ ಅಂತ ಇಂದಿಗೂ ಮೂಗು ಮುರಿಯುವ ಪಂಡಿತರಿದ್ದಾರೆ. ಕೊಟ್ಟವರಿಗೆ ಕಿತ್ತುಕೊಳ್ಳುವ ಹಕ್ಕಿಲ್ಲವಾದರೆ ಅದು ಪ್ರಾತಿನಿಧ್ಯ ಹೇಗಾದೀತು? ಗ್ರಾಕಸನೂ ಬಡವನೇನಲ್ಲ, ಅಪ್ಪ ಎರಡು ಸಲ ಕಾನ್ಸಲ್ ಆಗಿದ್ದವನು. ಹುಟ್ಟಿಗೂ ನಿಷ್ಠೆಗೂ ನಾವು ಅಂದುಕೊಂಡಷ್ಟು ನಂಟಿಲ್ಲ. ಕೊನೆಗೆ ಮಹಾಪುರೋಹಿತ ಸಿಪಿಯೋ ನಾಸಿಕನ ಮುಂದಾಳತ್ವದಲ್ಲಿ ಸೆನೆಟರುಗಳು ಮುರಿದ ಬೆಂಚುಗಳ ಕಾಲು ಹಿಡಿದು ನುಗ್ಗಿದರು. ಅವನ ತಲೆಗೆ ಮೊದಲ ಏಟು ಹಾಕಿದವನು ಇನ್ನೊಬ್ಬ ಟ್ರಿಬ್ಯೂನ್ ಸಟೀರಿಯಸ್, ಅದೂ ಬೆಂಚಿನ ಕಾಲಿನಿಂದ, ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಣಗಳನ್ನು ಟೈಬರ್ ನದಿಗೆ ಎಸೆದರು. ಗುಡ್ಡದ ಮೇಲೆ ಇಟ್ಟ ಆಣೆ ಅಂದು ಯಾರ ನೆನಪಿಗೂ ಬರಲಿಲ್ಲ.

ಇನ್ನು ಗುಲಾಮರು. ಅವರಿಗೆ ಟ್ರಿಬ್ಯೂನನೂ ಇರಲಿಲ್ಲ, ಬೆಂಚೂ ಇರಲಿಲ್ಲ. 71ರಲ್ಲಿ ಸ್ಪಾರ್ಟಕಸನ ದಂಗೆ ಮುಗಿದಾಗ ಕಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ 6000 ಜನರನ್ನು ಶಿಲುಬೆಗೆ ಏರಿಸಿದರು. ಅವರ ಪರವಾಗಿ ಬೇಡ ಎಂದ ಟ್ರಿಬ್ಯೂನ್ ಒಬ್ಬನೂ ಇಲ್ಲ. ಪ್ಲೆಬಿಯನ್ನರ ಮನೆಗಳಲ್ಲೂ ಗುಲಾಮರಿದ್ದರಲ್ಲ!

ಕ್ರಿ.ಪೂ. 23ರಲ್ಲಿ ಆಗಸ್ಟಸ್ ಟ್ರಿಬ್ಯೂನನ ಅಧಿಕಾರವನ್ನು ಆಜೀವ ತನ್ನದಾಗಿ ಮಾಡಿಕೊಂಡ. ಅವನು ಪ್ಯಾಟ್ರಿಷಿಯನ್, ಟ್ರಿಬ್ಯೂನ್ ಆಗುವಂತಿಲ್ಲ. ಹಾಗಾಗಿ ಹುದ್ದೆಯನ್ನು ಬಿಟ್ಟು ಅಧಿಕಾರವನ್ನಷ್ಟೇ ಎತ್ತಿಕೊಂಡ. ಅವನ ನಂತರದ ಚಕ್ರವರ್ತಿಗಳು ತಮ್ಮ ಆಳ್ವಿಕೆಯ ವರ್ಷಗಳನ್ನು ಆ ಅಧಿಕಾರದಿಂದಲೇ ಎಣಿಸಿ ನಾಣ್ಯದ ಮೇಲೆ ಅಚ್ಚು ಹಾಕಿಸಿದರು. ಮುಟ್ಟಬಾರದವನು ಈಗ ಚಕ್ರವರ್ತಿ. ಅವನ ಮನೆಯ ಬಾಗಿಲಲ್ಲಿ ರಾತ್ರಿ ಹೊತ್ತು ಸಿಪಾಯಿಗಳ ಕಾವಲಿರುತ್ತಿತ್ತು.